ಬಿಚ್ಚಿದ ತಗಡನ್ನು ಅಂದೇ ಮುಚ್ಚಿ

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟಿನ ಹಳೆಯ ಕಾರುಗಳ ಒಡೆಯರಿಗೆ ಒಂದು ಬಹಿರಂಗ ಪತ್ರ



ನಿಮ್ಮಲ್ಲಿ ಬಹಳ ಮಂದಿಯ ಪರಿಚಯ ನನಗಿಲ್ಲ. ನಿಮ್ಮ ಕಾರುಗಳ ಪರಿಚಯವಿದೆ. ನಮ್ಮ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ನಡೆದು ಹೋಗುವ ಯಾರಿಗಾದರೂ ಅವು ಕಣ್ಣಿಗೆ ಬೀಳುತ್ತವೆ: ಪೋರ್ಟಿಕೋದಲ್ಲಿ ಮುಸುಕು ಹೊದ್ದ ಅಂಬಾಸಿಡರ್, ಹೊಂಗೆ ಮರದ ಕೆಳಗಿನ ಪ್ರೀಮಿಯರ್ ಪದ್ಮಿನಿ, ಎಲ್ಲೋ ಒಂದು ಹಳೆಯ ಮನೆಯ ಶೆಡ್ಡಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್. ಅಪ್ಪ ಸಾಲ ಮಾಡಿ ಕೊಂಡಿದ್ದು, ಅಕ್ಕನ ಮದುವೆಗೆ ಹೂವಿನ ಅಲಂಕಾರ ಮಾಡಿಸಿಕೊಂಡು ಹೋಗಿದ್ದು, ರಜೆಯಲ್ಲಿ ಊರಿಗೆ ಒಯ್ದಿದ್ದು ಅದೇ ಕಾರು. ಅದನ್ನು ಮಾರಲು ಮನಸ್ಸು ಒಪ್ಪದೆ, ಮತ್ತೆ ರಸ್ತೆಗಿಳಿಸಬೇಕೆಂದು ನೀವು ಹಣ ಕೂಡಿಸಿ ಹೊರಟಿದ್ದೀರಿ. ಇದು ಒಳ್ಳೆಯ ಕೆಲಸ. ಈ ಕೆಲಸ ಅರ್ಧದಲ್ಲಿ ಕೆಡಬಾರದೆಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಹಳೆಯ ಬಣ್ಣ ಕಿತ್ತು ಬೆತ್ತಲಾದ ತಗಡನ್ನು ಒಂದು ರಾತ್ರಿಯೂ ಹಾಗೇ ಬಿಡಬೇಡಿ. ಒಂದು ದಿನದಲ್ಲಿ ಎಷ್ಟು ಮುಚ್ಚಲು ಸಾಧ್ಯವೋ ಅಷ್ಟನ್ನೇ ಬಿಚ್ಚಿಸಿ.

ಇಷ್ಟು ಸರಳವಾದ ಮಾತಿಗೆ ಪತ್ರವೇಕೆ ಎಂದು ಕೇಳಬಹುದು. ನಮ್ಮ ಕಡೆ ಕೆಲಸ ನಡೆಯುವ ರೀತಿಯೇ ಇದಕ್ಕೆ ವಿರುದ್ಧವಾಗಿದೆ. ಗ್ಯಾರೇಜಿಗೆ ಕಾರು ಬಿಟ್ಟ ಮೊದಲ ವಾರದಲ್ಲೇ ಎಲ್ಲರಿಗೂ ಹುರುಪು. ಸೀಟು, ಗಾಜು, ಬಂಪರ್ ಎಲ್ಲ ಬಿಚ್ಚುತ್ತಾರೆ. ಪೇಂಟ್ ರಿಮೂವರ್ ಬಳಿದು, ಗ್ರೈಂಡರ್ ಹಿಡಿದು, ಇಡೀ ಕಾರನ್ನು ಒಂದೇ ಏಟಿಗೆ ಬೆಳ್ಳಗೆ ಮಾಡಿಬಿಡುತ್ತಾರೆ. ನೀವು ಹೋಗಿ ನೋಡಿ ಫೋಟೋ ತೆಗೆದುಕೊಳ್ಳುತ್ತೀರಿ. ಆಮೇಲೆ ತಗಡಿನ ಕೆಲಸದ ಟಿಂಕರ್ ಹಬ್ಬಕ್ಕೆಂದು ಊರಿಗೆ ಹೋಗುತ್ತಾನೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಹೇಳಿಟ್ಟ ಸಾಮಾನು ಬರುವುದಿಲ್ಲ. ಮನೆಯಲ್ಲಿ ಬೇರೇನೋ ಖರ್ಚು ಬಂದು ಮುಂದಿನ ಕಂತು ತಡವಾಗುತ್ತದೆ. ವಾರ ತಿಂಗಳಾಗುತ್ತದೆ, ತಿಂಗಳು ಮಳೆಗಾಲವಾಗುತ್ತದೆ. ಬೆತ್ತಲೆ ತಗಡಿನ ಕಾರು ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಕಂದು ಬಣ್ಣಕ್ಕೆ ತಿರುಗುತ್ತಿರುತ್ತದೆ. ಇಪ್ಪತ್ತು ವರ್ಷ ರಸ್ತೆಯಲ್ಲಿ ಓಡಿದಾಗ ಆಗದ ಹಾನಿ ರಿಪೇರಿಯ ಹೆಸರಿನಲ್ಲಿ ಒಂದೇ ಮಳೆಗಾಲದಲ್ಲಿ ಆಗುವುದನ್ನು ನಾನು ಕಂಡಿದ್ದೇನೆ.

ಇದರಲ್ಲಿ ಟಿಂಕರ್‌ನದೇ ತಪ್ಪು ಎಂದು ಹೇಳಲಾರೆ. ಅವನಿಗೆ ದಿನದ ಸಂಪಾದನೆ ಮುಖ್ಯ. ಮುಂದೆ ಅಪಘಾತದ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಯಾವ ಕ್ರಮದಲ್ಲಿ ಕೆಲಸ ಸಾಗಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕಾದವರು ಒಡೆಯರಾದ ನಾವು.

ಹೋಗುವುದು ಬರೀ ತಗಡಲ್ಲ ಎಂಬುದನ್ನೂ ನೆನಪಿಡಿ. ಅಂಬಾಸಿಡರ್‌ಗೂ ಪದ್ಮಿನಿಗೂ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ತಳದ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು, ಮೇಲ್ಛಾವಣಿ ಎಲ್ಲ ಸೇರಿದ ಮೈಯೇ ಭಾರ ಹೊರುತ್ತದೆ. ಅದರ ಬಹುಭಾಗ ಒಂದು ಮಿಲಿಮೀಟರ್ ಆಸುಪಾಸಿನ ತಗಡು. ತಳಕ್ಕೆ ತುಕ್ಕು ಇಳಿದರೆ ಕಾರಿನ ಬೆನ್ನೆಲುಬಿಗೇ ಪೆಟ್ಟು. ಹೆರಾಲ್ಡ್‌ಗೆ ಪ್ರತ್ಯೇಕ ಚಾಸಿ ಇದೆ, ಮೈಯನ್ನು ಬೋಲ್ಟಿನಿಂದ ಅದಕ್ಕೆ ಕೂರಿಸಿರುತ್ತಾರೆ. ಆದರೆ ಆ ಚಾಸಿಯೂ ಉಕ್ಕೇ. 1980ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಇಟ್ಟುಕೊಂಡವರು ಮೈಯ ಮಟ್ಟಿಗೆ ನಿಶ್ಚಿಂತರು, ಅದು ಫೈಬರ್‌ಗ್ಲಾಸ್. ಅವರೂ ಒಮ್ಮೆ ಬಗ್ಗಿ ಕೆಳಗಿನ ಚಾಸಿಯನ್ನು ನೋಡಲಿ.

ಕಾನೂನಿನ ಮಾತೂ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನಂಬರು ಸಿಗುತ್ತದೆ. ಆದರೆ ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು. ಮದ್ರಾಸಿನಲ್ಲಿ ಹೆರಾಲ್ಡ್ ತಯಾರಿಕೆ 1971ರಲ್ಲಿ ನಿಂತಿತು, ಹಾಗಾಗಿ ಅವೆಲ್ಲ ಈ ವಯಸ್ಸು ದಾಟಿವೆ. ಎಪ್ಪತ್ತರ ದಶಕದ ಅಂಬಾಸಿಡರ್, ಪದ್ಮಿನಿಗಳು ಒಂದೊಂದಾಗಿ ದಾಟುತ್ತಿವೆ. ಅಂಬಾಸಿಡರ್ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಕಂಪನಿಯ ತಗಡು ಇನ್ನು ಬರುವುದಿಲ್ಲ. ನಿಮ್ಮ ಕಾರಿನಲ್ಲಿ ಉಳಿದಿರುವ ಮೂಲ ತಗಡೇ ಅದರ ನಿಜವಾದ ದಾಖಲೆ.

ಈಗ ತುಕ್ಕಿನ ವಿಚಾರಕ್ಕೆ ಬರೋಣ. ಬೆಂಗಳೂರು ಕಡಲಿನಿಂದ ದೂರ, ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರ. ಮಂಗಳೂರಿನವರನ್ನು, ಮುಂಬೈಯವರನ್ನು ಕಾಡುವ ಉಪ್ಪುಗಾಳಿ ನಮಗಿಲ್ಲ. ಇದರಿಂದಲೇ ನಮ್ಮಲ್ಲಿ ಹಳೆಯ ಕಾರುಗಳು ಇಷ್ಟೊಂದು ಉಳಿದಿವೆ, ಇದರಿಂದಲೇ ನಾವು ಮೈಮರೆಯುತ್ತೇವೆ ಕೂಡ. ಬಣ್ಣವಿಲ್ಲದ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಮಳೆಯೇ ಸುರಿಯಬೇಕೆಂದಿಲ್ಲ. ಗಾಳಿಯ ತೇವಾಂಶ ಶೇ. 60 ದಾಟಿದರೆ ಸಾಕು, ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ತಗಡಿನ ಮೇಲೆ ಕೂರುತ್ತದೆ, ತುಕ್ಕು ಚುರುಕಾಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿನ ಮುಂಜಾವುಗಳಲ್ಲಿ ಅದು ಶೇ. 80 ದಾಟುವುದು ಮಾಮೂಲು. ಅಲ್ಯೂಮಿನಿಯಂ ಮೇಲೆ ಹುಟ್ಟುವ ಪದರ ಒತ್ತಾಗಿದ್ದು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸಡಿಲ, ರಂಧ್ರಮಯ. ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬುತ್ತದೆ, ತೇವ ಹಿಡಿದಿಟ್ಟುಕೊಳ್ಳುತ್ತದೆ, ಒಳಗೊಳಗೇ ಇಳಿಯುತ್ತದೆ. ಮೇಲೆ ಬಣ್ಣ ಬಳಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಲೆಕ್ಕವೊಂದನ್ನು ಕೊಡುತ್ತೇನೆ, ಏಕೆಂದರೆ ಪ್ರೈಮರ್ ಹೊಡೆಯಲು ಒಳ್ಳೆಯ ದಿನ ಯಾವುದೆಂದು ಇದರಿಂದ ತಿಳಿಯುತ್ತದೆ. ಗಾಳಿಯಲ್ಲಿನ ಆವಿ ಹನಿಯಾಗುವ ಉಷ್ಣಾಂಶಕ್ಕೆ ಇಬ್ಬನಿ ಬಿಂದು ಎನ್ನುತ್ತಾರೆ. ತಗಡಿನ ಬಿಸಿ ಅದಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದಾಗ ಮಾತ್ರ ಬಣ್ಣ ಹೊಡೆಯಬೇಕು ಎಂಬುದು ಲೋಹಕ್ಕೆ ಬಣ್ಣ ಹಚ್ಚುವವರೆಲ್ಲ ಪಾಲಿಸುವ ನಿಯಮ. ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಗಾಳಿ 24 ಡಿಗ್ರಿ, ತೇವಾಂಶ ಶೇ. 85 ಇದೆಯೆನ್ನಿ. ಇಬ್ಬನಿ ಬಿಂದು ಸುಮಾರು 21.3 ಡಿಗ್ರಿ. ತಗಡು 24.3 ಡಿಗ್ರಿ ಮುಟ್ಟಿರಬೇಕು. ರಾತ್ರಿಯೆಲ್ಲ ತಣಿದ ತಗಡು ಅಷ್ಟಿರುವುದಿಲ್ಲ. ಅಂದು ಹೊಡೆದರೆ ಪ್ರೈಮರಿನ ಕೆಳಗೆ ನೀರನ್ನು ಬಂಧಿಸಿಟ್ಟಂತೆ. ಅದೇ ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ, ಶೇ. 30 ತೇವಾಂಶವಿದ್ದರೆ ಇಬ್ಬನಿ ಬಿಂದು 13ರ ಸುಮಾರು. ನಡುವೆ 20 ಡಿಗ್ರಿಗಳ ಅಂತರ. ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸುವ ಸಣ್ಣ ಮೀಟರು ದುಬಾರಿಯೇನಲ್ಲ. ಒಂದನ್ನು ಕೊಂಡು ಶೆಡ್ಡಿನ ಗೋಡೆಗೆ ತೂಗುಹಾಕಿ.

ತೇವದ ಜೊತೆಗೆ ಉಪ್ಪನ್ನು ನಾವೇ ಒದಗಿಸುತ್ತೇವೆ. ಬೆವರಿನಲ್ಲಿ ಉಪ್ಪಿದೆ. ಉಪ್ಪುಕಾಗದ ಹಾಕಿ ಉಜ್ಜಿ ಮಿರಮಿರ ಮಿಂಚುವ ಬಾನೆಟ್ಟಿನ ಮೇಲೆ ಯಾರಾದರೂ ಬರಿಗೈ ಊರಿ ನಿಂತು ಮಾತನಾಡಿ ಹೋದರೆನ್ನಿ. ಆಗ ಅಲ್ಲಿ ಏನೂ ಕಾಣುವುದಿಲ್ಲ. ಒಂದೆರಡು ತೇವದ ದಿನಗಳಲ್ಲಿ ಅದೇ ಜಾಗದಲ್ಲಿ ಅಂಗೈಯ ಗುರುತು ಏಳುತ್ತದೆ: ಐದು ಬೆರಳ ತುದಿಗಳು, ಹೆಬ್ಬೆರಳ ಬುಡದ ಉಬ್ಬು, ನಡುವಿನ ಗೆರೆಗಳು, ಎಲ್ಲ ತಿಳಿಗಂದು ಬಣ್ಣದಲ್ಲಿ. ಒರೆಸಿದರೆ ಮೇಲಿನ ಪುಡಿ ಬರುತ್ತದೆ, ಚುಕ್ಕೆಗಳು ಉಳಿಯುತ್ತವೆ. ಬಣ್ಣ ಹೊಡೆದ ಮೇಲೆ ಗುಳ್ಳೆ ಏಳುವುದು ಅಲ್ಲಿಂದಲೇ. ಬೆತ್ತಲೆ ತಗಡನ್ನು ಮುಟ್ಟುವವರು ರಬ್ಬರ್ ಕೈಗವಸು ಹಾಕಲಿ. ತೊಳೆಯಲು ಬೋರ್‌ವೆಲ್ ನೀರು ಬಳಸುತ್ತಿದ್ದರೆ ಅದರಲ್ಲಿರುವ ಲವಣಗಳು ಒಣಗಿ ಅಲ್ಲೇ ಉಳಿಯುತ್ತವೆ. ಕೊನೆಯ ತೊಳೆತಕ್ಕಾದರೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸಿ.

ಇನ್ನು ಕೆಲಸದ ಕ್ರಮ. ಮೊದಲು ಪ್ರೈಮರ್ ಕೊಂಡು ತನ್ನಿ, ಆಮೇಲೆ ಬಣ್ಣ ಬಿಚ್ಚಿಸಿ. ಒಂದು ಬಾಗಿಲು, ಒಂದು ಮಡ್‌ಗಾರ್ಡ್, ಡಿಕ್ಕಿಯ ಮುಚ್ಚಳ, ಹೀಗೆ ಒಂದೊಂದೇ ಭಾಗ ನಡೆಯಲಿ. ಬೆಳಗ್ಗೆ ಬಿಸಿಲೇರಿದ ಮೇಲೆ ಬಿಚ್ಚಿದ್ದು ಅಂದೇ ಸಂಜೆಯೊಳಗೆ ಪ್ರೈಮರ್ ಕಾಣಬೇಕು. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದ ತಗಡಿಗೆ ಇನ್ನೂ ಅವಸರ, ಏಕೆಂದರೆ ಒರಟಾದ ಮೈ ತೇವವನ್ನು ಬೇಗ ಹಿಡಿಯುತ್ತದೆ. ಬ್ಲಾಸ್ಟಿಂಗ್ ಒಂದು ಕಡೆ, ಪೇಂಟ್ ಇನ್ನೊಂದು ಕಡೆ ಎಂದಾದರೆ ನಡುವಿನ ಪ್ರಯಾಣ ಅದೇ ದಿನ ಮುಗಿಯುವಂತೆ ನೋಡಿಕೊಳ್ಳಿ. ಚಪ್ಪಟೆಯಾದ ದೊಡ್ಡ ಭಾಗಗಳಿಗೆ ಜೋರಾದ ಬ್ಲಾಸ್ಟಿಂಗ್ ಬೇಡ, ಕಣಗಳ ಪೆಟ್ಟಿಗೆ ತಗಡು ಹಿಗ್ಗಿ ಸೊಟ್ಟಗಾಗುತ್ತದೆ.

ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಒಳ್ಳೆಯದು. ಅದು ತುಕ್ಕನ್ನು ಕರಗಿಸಿ ತಗಡಿನ ಮೇಲೆ ತೆಳುವಾದ ಫಾಸ್ಫೇಟ್ ಪದರ ಬಿಡುತ್ತದೆ. ಈ ರಸಾಯನ ನಮ್ಮ ನೆಲಕ್ಕೆ ಹೊಸದಲ್ಲ. ದೆಹಲಿಯ ಕಬ್ಬಿಣದ ಕಂಬ ಶತಮಾನಗಳಿಂದ ಬಯಲಿನಲ್ಲಿ ನಿಂತಿರುವುದಕ್ಕೆ ಅದರ ಕಬ್ಬಿಣದಲ್ಲಿ ಹೆಚ್ಚಾಗಿರುವ ರಂಜಕ, ಅದರಿಂದ ಹುಟ್ಟಿದ ಫಾಸ್ಫೇಟ್ ಪದರ ಕಾರಣ ಎಂದು ಕಾನ್ಪುರ ಐಐಟಿಯ ಪ್ರೊ. ಆರ್. ಬಾಲಸುಬ್ರಮಣ್ಯಂ ವಿವರಿಸಿದರು. ನಮ್ಮ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಬಳಿಯೂ ಮಲೆನಾಡಿನ ಮಳೆಗೆ ಮೈಯೊಡ್ಡಿ ನಿಂತ ಪುರಾತನ ಕಬ್ಬಿಣದ ಕಂಬವೊಂದಿದೆ. ಕಾರಿನ ತಗಡಿಗೆ ಆ ಗುಣ ಹುಟ್ಟಿನಿಂದ ಬಂದಿಲ್ಲ. ಇಂದಿನ ಕಾರ್ಖಾನೆಗಳಲ್ಲಿ ಕಾರಿನ ಇಡೀ ಮೈಯನ್ನು ಫಾಸ್ಫೇಟ್ ತೊಟ್ಟಿಯಲ್ಲಿ, ಆಮೇಲೆ ವಿದ್ಯುತ್ ಹರಿಸಿದ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುತ್ತಾರೆ. ಶೆಡ್ಡಿನಲ್ಲಿ ನಾವು ಅದನ್ನು ಕೈಯಿಂದ ಮಾಡಬೇಕು. ಒಂದು ಎಚ್ಚರಿಕೆ: ಆಮ್ಲವನ್ನು ಡಬ್ಬಿಯ ಮೇಲೆ ಹೇಳಿದಂತೆ ತೊಳೆದು, ಗಾಳಿ ಹಿಡಿದು ಪೂರ್ತಿ ಒಣಗಿಸಿ. ಉಳಿದ ಆಮ್ಲದ ಮೇಲೆ ಎಪಾಕ್ಸಿ ಪ್ರೈಮರ್ ಸರಿಯಾಗಿ ಕೂರುವುದಿಲ್ಲ.

ಬೆತ್ತಲೆ ತಗಡಿನ ಮೇಲೆ ಬೀಳುವ ಮೊದಲ ಪದರ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಆಗಿರಲಿ, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವಂಥದ್ದು. ಗ್ಯಾರೇಜುಗಳಲ್ಲಿ ರೂಢಿಯಾಗಿರುವ ರೆಡ್ ಆಕ್ಸೈಡ್ ಕಿಟಕಿಯ ಸರಳಿಗೂ ಗೇಟಿಗೂ ಸಾಕು. ಅದು ತೇವವನ್ನು ಒಳಬಿಡುತ್ತದೆ. ರೆಡ್ ಆಕ್ಸೈಡ್ ಹೊಡೆದು ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಕಂದು ಬಣ್ಣದ ಕೆಳಗೆ ಕಂದು ತುಕ್ಕು ಬೆಳೆಯುವುದು ಕಾಣುವುದೂ ಇಲ್ಲ. ಸಾಮಾನ್ಯ ಸರ್ಫೇಸರ್ ಕೂಡ ಉಜ್ಜಲು ಸುಲಭವಾಗಲೆಂದು ಮಾಡಿದ್ದು, ನೀರು ಹೀರುತ್ತದೆ. ಎಪಾಕ್ಸಿ ಒತ್ತಾದ ಪದರ. ಅದು ಬಿಸಿಲಿಗೆ ಸೊರಗುವುದರಿಂದ ಕಾರು ನೆರಳಿನಲ್ಲಿರಲಿ. ಎರಡನೆಯ ಕೋಟಿಗೆ ತಯಾರಕರು ಹೇಳಿದ ಅವಧಿ ದಾಟಿದ್ದರೆ ಹಗುರಾಗಿ ಉಜ್ಜಿ ಮುಂದುವರಿಯಿರಿ.

ಪುಟ್ಟಿ ಹಾಕುವುದು ಈ ಎಪಾಕ್ಸಿಯ ಮೇಲೆ. ನಮ್ಮಲ್ಲಿ ತಿರುಗುಮುರುಗಾಗಿದೆ. ತಗಡಿನ ಮೇಲೆ ನೇರ ಪುಟ್ಟಿ ಮೆತ್ತುತ್ತಾರೆ, ಆಮೇಲೆ ಬಕೆಟ್ ನೀರಿಟ್ಟುಕೊಂಡು ವಾಟರ್ ಪೇಪರಿನಿಂದ ಉಜ್ಜುತ್ತಾರೆ. ಪುಟ್ಟಿ ಆ ನೀರನ್ನು ಕುಡಿದು ತಗಡಿಗೆ ದಾಟಿಸುತ್ತದೆ. ಎರಡು ವರ್ಷದೊಳಗೆ ಹೊಳೆಯುವ ಬಣ್ಣದ ಮೇಲೆ ಕಾಣುವ ಸಾಸಿವೆಯಷ್ಟು ಗುಳ್ಳೆಗಳಿಗೆ ಬಹಳ ಸಲ ಇದೇ ಕಾರಣ. ಪುಟ್ಟಿಯನ್ನು ಒಣ ಕಾಗದದಲ್ಲೇ ಉಜ್ಜಬೇಕು. ಧೂಳು ಹೆಚ್ಚು, ಕೈ ಸೋಲುತ್ತದೆ ಎಂದು ಪೇಂಟರ್ ಗೊಣಗಬಹುದು. ಆ ಶ್ರಮಕ್ಕೆ ಕೂಲಿ ಹೆಚ್ಚು ಕೊಡಿ, ಆದರೆ ನೀರು ಬೇಡವೆಂದು ಹಟ ಹಿಡಿಯಿರಿ. ಕಂಪ್ರೆಸರ್ ಟ್ಯಾಂಕಿನ ತಳದ ನೀರನ್ನು ದಿನವೂ ಬೆಳಗ್ಗೆ ಇಳಿಸಲು ಹೇಳಿ, ಗಾಳಿಯ ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಹಾಕಿಸಿ. ಹಿತ್ತಾಳೆ ವೆಲ್ಡಿಂಗ್ ಮಾಡಿದ ಕಡೆ ಗಾಜಿನಂತೆ ಅಂಟಿಕೊಂಡ ಫ್ಲಕ್ಸ್ ಪೂರ್ತಿ ಹೋಗಬೇಕು.

ಅಂದೇ ಪ್ರೈಮರ್ ಹೊಡೆಯಲು ಆಗಲೇ ಇಲ್ಲ, ಮಳೆ ಬಂತು, ಕರೆಂಟು ಹೋಯಿತು ಎನ್ನಿ. ಆಗ ತುಕ್ಕು ತಡೆಯುವ ಎಣ್ಣೆಯನ್ನು ತೆಳುವಾಗಿ ಒರೆಸಿಡಬಹುದು, ಅದು ಕೆಲವು ದಿನಗಳ ಮಟ್ಟಿಗಿನ ಕಾವಲು. ಬಣ್ಣಕ್ಕೆ ಮೊದಲು ಆ ಎಣ್ಣೆಯ ಪಸೆ ಒಂದಿಷ್ಟೂ ಉಳಿಯದಂತೆ ದ್ರಾವಕದಿಂದ ಒರೆಸಬೇಕು, ಇಲ್ಲದಿದ್ದರೆ ಬಣ್ಣದಲ್ಲಿ ಮೀನುಗಣ್ಣಿನಂಥ ಗುಳಿಗಳು ಬೀಳುತ್ತವೆ. ಸಿಲಿಕೋನ್ ಇರುವ ಪಾಲಿಷ್, ಸ್ಪ್ರೇಗಳನ್ನು ಶೆಡ್ಡಿನ ಹತ್ತಿರವೂ ತರಬೇಡಿ. ಟಾರ್ಪಾಲನ್ನು ಕಾರಿಗೆ ಅಂಟಿದಂತೆ ಹೊದಿಸಬೇಡಿ. ನೆಲದ ತೇವ ಮೇಲೆದ್ದು ಅದರಡಿ ಹನಿಯಾಗುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ, ಒಣ ಸಿಮೆಂಟ್ ನೆಲ, ಒಂದು ಫ್ಯಾನು ಇದ್ದರೆ ಅದಕ್ಕಿಂತ ಎಷ್ಟೋ ವಾಸಿ.

ಕಣ್ಣಿಗೆ ಕಾಣದ ಒಳಭಾಗಗಳನ್ನು ಮರೆಯಬೇಡಿ. ಬಾಗಿಲುಗಳ ತಳ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಹೆಡ್‌ಲೈಟಿನ ಹಿಂದಿನ ಬಟ್ಟಲು, ಮುಂದಿನ ಗಾಜಿನ ಕೆಳಗಿನ ತೊಟ್ಟಿ, ಇವೆಲ್ಲ ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುತ್ತವೆ. ನಮ್ಮ ಬಡಾವಣೆಗಳ ಮರಗಳು ನಮ್ಮ ಹೆಮ್ಮೆ. ಅವುಗಳ ಎಲೆ, ಹೂವು ಗಾಜಿನ ಕೆಳಗಿನ ಸಂದಿಗೆ ಸೇರಿ ನೀರು ಹೋಗುವ ಕಂಡಿ ಮುಚ್ಚಿ ಕೊಳೆಯುತ್ತವೆ. ವೆಲ್ಡಿಂಗ್, ಬಣ್ಣ ಎಲ್ಲ ಮುಗಿದ ಮೇಲೆ ಈ ಟೊಳ್ಳುಗಳ ಒಳಗೆ ಉದ್ದ ನಳಿಗೆಯಿಂದ ಮೇಣದ ದ್ರಾವಣ ಸಿಂಪಡಿಸಿ, ನೀರಿಳಿಯುವ ಕಂಡಿಗಳು ತೆರೆದಿವೆಯೇ ಎಂದು ತಂತಿ ಹಾಕಿ ನೋಡಿ.

ಕೆಲಸಗಾರರ ಆರೋಗ್ಯದ ಮಾತು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮರಳು ಹೊಡೆಯುವ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ. ಹಾರ್ಡನರ್ ಬೆರೆಸುವ ಹಲವು ಬಣ್ಣಗಳಲ್ಲಿ ಐಸೋಸಯನೇಟ್ ಇದ್ದು, ಅದರಿಂದ ಅಸ್ತಮಾ ಬರಬಹುದು. ಮೂಗಿಗೆ ಕಟ್ಟಿದ ಕರ್ಚೀಫು ಇವು ಯಾವುದನ್ನೂ ತಡೆಯುವುದಿಲ್ಲ. ಕಾರಿಗೆ ಲಕ್ಷಗಟ್ಟಲೆ ಸುರಿಯುವವರು ಪೇಂಟರಿಗೆ ಕಾರ್ಟ್ರಿಜ್ ಇರುವ ಮಾಸ್ಕ್ ಕೊಡಿಸುವುದು ಧರ್ಮ. ಉಳಿದ ರಿಮೂವರ್, ಥಿನ್ನರ್, ಆಮ್ಲ ರಾಜಕಾಲುವೆಗೆ ಹೋಗದಂತೆ ನೋಡಿಕೊಳ್ಳುವುದೂ ಒಡೆಯರ ಹೊಣೆ.

ಕಾಲ ನಮ್ಮ ಕೈಯಲ್ಲಿದೆ. ಸಂಕ್ರಾಂತಿ ಕಳೆದ ಮೇಲೆ ಬಣ್ಣ ಬಿಚ್ಚಲು ಶುರುಮಾಡಿ. ಫೆಬ್ರವರಿ, ಮಾರ್ಚ್ ನಮ್ಮಲ್ಲಿ ಅತ್ಯಂತ ಒಣ ತಿಂಗಳುಗಳು. ಏಪ್ರಿಲ್, ಮೇ ತಿಂಗಳ ಸಂಜೆ ಮಾವಿನ ಹೊಯ್ಲು ಬರುವುದರಿಂದ ಕೆಲಸ ಮಧ್ಯಾಹ್ನವೇ ಮುಗಿಯಲಿ. ಮೇ ಮುಗಿಯುವುದರೊಳಗೆ ಕಾರಿನ ಒಂದಂಗುಲ ಬೆತ್ತಲೆ ತಗಡೂ ಉಳಿಯಬಾರದು. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಅತಿ ಹೆಚ್ಚು ಮಳೆಯ ತಿಂಗಳು. ಎಂಜಿನ್, ಸೀಟು, ವೈರಿಂಗ್ ಕೆಲಸಗಳನ್ನು ಮಳೆಗಾಲದ ತಿಂಗಳುಗಳಿಗೆ ಇಟ್ಟುಕೊಳ್ಳಿ.

ಕೊನೆಯದಾಗಿ, ಒಬ್ಬೊಬ್ಬರೇ ಗುದ್ದಾಡುವುದು ಬೇಡ. ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ಬಿನಂಥ ಸಂಘಗಳು ನಮ್ಮ ಊರಿನಲ್ಲೇ ಇವೆ. ಅನುಭವಸ್ಥರು ಅಲ್ಲಿ ಸಿಗುತ್ತಾರೆ. ನಿಮ್ಮ ರಸ್ತೆಯಲ್ಲೇ ಇನ್ನೊಂದು ಹಳೆಯ ಕಾರು ಇರಬಹುದು. ಇಬ್ಬರು ಮೂವರು ಸೇರಿ ಎಪಾಕ್ಸಿಯ ದೊಡ್ಡ ಡಬ್ಬಿ ಕೊಳ್ಳಿ, ತೇವಾಂಶದ ಮೀಟರು, ಮೇಣದ ನಳಿಗೆ ಹಂಚಿಕೊಳ್ಳಿ. ಖಾಲಿ ಗ್ಯಾರೇಜು ಇದ್ದವರು ಮಳೆಗಾಲದಲ್ಲಿ ಅರ್ಧ ಕೆಲಸವಾದ ಕಾರಿಗೆ ಜಾಗ ಕೊಡಿ. ಟಿಂಕರ್, ಪೇಂಟರ್ ಇಬ್ಬರನ್ನೂ ಮೊದಲ ದಿನವೇ ಕೂರಿಸಿಕೊಂಡು, ಯಾವ ಭಾಗ ಯಾವ ದಿನ ಬಿಚ್ಚಿ ಯಾವ ದಿನ ಮುಚ್ಚುವುದೆಂದು ಒಂದು ಹಾಳೆಯಲ್ಲಿ ಬರೆದು, ಕಂತಿನ ಹಣವನ್ನು ಅದಕ್ಕೇ ಹೊಂದಿಸಿ: ಬಿಚ್ಚಿದ್ದಕ್ಕೆ ಹಣವಿಲ್ಲ, ಪ್ರೈಮರ್ ಬಿದ್ದ ಮೇಲೆ ಹಣ. ಕೈಯಲ್ಲಿ ಪೂರ್ತಿ ಕೆಲಸಕ್ಕೆ ಹಣ ಕೂಡದಿದ್ದರೆ ಹಳೆಯ ಬಣ್ಣವನ್ನು ಮುಟ್ಟಬೇಡಿ; ಅದು ಮಾಸಿದ್ದರೂ ತಗಡನ್ನು ಕಾಯುತ್ತಿದೆ. ಈಗಾಗಲೇ ಬಿಚ್ಚಿ ನಿಲ್ಲಿಸಿರುವವರು ಈ ವಾರವೇ ಶೆಡ್ಡಿಗೆ ಹೋಗಿ ಟಾರ್ಪಾಲು ಎತ್ತಿ ನೋಡಿ, ಒಣ ದಿನ ಸಿಕ್ಕ ಕೂಡಲೇ ಪ್ರೈಮರ್ ಹೊಡೆಸಿ. ಉಳಿದ ಕೆಲಸ ಯಾವಾಗಲಾದರೂ ಮುಗಿಸಬಹುದು.

ಇಂತಿ ನಿಮ್ಮ ವಿಶ್ವಾಸಿ,
ಹಳೆಯ ಪದ್ಮಿನಿಯೊಂದರ ಒಡೆಯ,
ಬನಶಂಕರಿ ಎರಡನೇ ಹಂತ